ಲಾಯ ಬಿಡುವುದೋ ಬೇಡವೋ



ಕನ್ನಡದಲ್ಲಿ ಒಂದು ಮಾತಿದೆ, ಜಾತಿ ಕುದುರೆ ಅಂತ. ಒಳ್ಳೆಯ ತಳಿಯ ಕುದುರೆಗೆ ಹಾಗನ್ನುತ್ತಾರೆ. ಜಾತಿ ನಾಯಿ ಅಂತಲೂ ಅನ್ನುತ್ತಾರೆ. ಮನುಷ್ಯನಿಗೆ ಜಾತಿ ಅಂಟಿಸಿದ ಈ ಸಮಾಜ ಪ್ರಾಣಿಗೂ ಅಂಟಿಸದೆ ಬಿಟ್ಟಿಲ್ಲ. ಆದರೆ ಕುದುರೆಗೆ ಜಾತಿ ಅಂದರೆ ಬೆಲೆ, ನಮಗೆ ಜಾತಿ ಅಂದರೆ ಅದರ ಲದ್ದಿ ಬಾಚುವ ಕೆಲಸ. ರೇಸಿನ ಕುದುರೆಗಳ ವಂಶಾವಳಿಯನ್ನು ಇಂಗ್ಲೆಂಡಿನವರು 1791ರಿಂದ ಪುಸ್ತಕ ಮಾಡಿ ಬರೆದಿಟ್ಟಿದ್ದಾರೆ. ಗಂಡಿನ ಕಡೆಯಿಂದ ಎಣಿಸುತ್ತಾ ಹೋದರೆ ಇವತ್ತಿನ ರೇಸು ಕುದುರೆಗಳೆಲ್ಲ ಮೂರೇ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತವಂತೆ. ಮೂರು ಗೋತ್ರ ಅನ್ನಿ. ಈ ದೇಶದಲ್ಲಿ ಆ ಜಾತಿಯ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ನಮಗೆ ಇದರಲ್ಲಿ ಹೊಟ್ಟೆಕಿಚ್ಚಿಲ್ಲ, ನಮ್ಮ ಅಪ್ಪಂದಿರ ವಯಸ್ಸನ್ನೂ ಶಾಲೆ ಮೇಷ್ಟ್ರು ಹೀಗೇ ಸಾರಾಸಗಟಾಗಿ ಜೂನ್ 1 ಅಂತ ಬರೆದು ಮುಗಿಸಿದ್ದಾರೆ. ಇಷ್ಟೇ ವ್ಯತ್ಯಾಸ: ಕುದುರೆಯ ಪುಸ್ತಕದಲ್ಲಿ ತಾತ ಮುತ್ತಾತನ ಹೆಸರಿದೆ. ಅದಕ್ಕೆ ಹುಲ್ಲು ಹಾಕಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಲ್ಲಿ ಐಚ್ಛಿಕ ಕನ್ನಡ ಓದಿ ಬಿ.ಎ. ಮಾಡಿದವರು ಲಕ್ಷ್ಮೀಶನ ಜೈಮಿನಿ ಭಾರತವನ್ನು ಪರೀಕ್ಷೆಗೆ ಉರು ಹೊಡೆದಿದ್ದೇವೆ. ಅಶ್ವಮೇಧದ ಕುದುರೆಯ ಹಿಂದೆ ವೀರಾಧಿವೀರರೆಲ್ಲ ಹೋಗುತ್ತಾರೆ. ಆ ಕುದುರೆಗೆ ರಾತ್ರಿ ನೀರು ಇಟ್ಟವನು ಯಾರು ಅಂತ ನಮ್ಮ ಮೇಷ್ಟ್ರೂ ಹೇಳಲಿಲ್ಲ, ಪರೀಕ್ಷೆಯಲ್ಲೂ ಕೇಳಲಿಲ್ಲ.

ವಿಷಯಕ್ಕೆ ಬರೋಣ. ನಾವು ಆರು ಜನ, ಬೆಂಗಳೂರಿನ ಅಂಚಿನಲ್ಲಿ ಕುದುರೆ ಸವಾರಿ ಕಲಿಸುವ ಒಂದು ಜಾಗದಲ್ಲಿ ಕೆಲಸಕ್ಕಿದ್ದೇವೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಕೆಟ್ಟದ್ದು, ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂದ ಹಾಗಾಗುತ್ತದೆ. ಹದಿನೆಂಟು ಕುದುರೆಗಳಿವೆ. ಅರ್ಧಕ್ಕಿಂತ ಹೆಚ್ಚು ರೇಸಿನಲ್ಲಿ ಓಡಿ, ಕಾಲು ಸೋತು, ಹೊರಬಿದ್ದು ಬಂದವು. ದೊಡ್ಡಮನುಷ್ಯರ ಮಕ್ಕಳು ಶನಿವಾರ ಭಾನುವಾರ ಕಾರಿನಲ್ಲಿ ಬಂದು ಸವಾರಿ ಕಲಿಯುತ್ತಾರೆ. ಮದುವೆಗೆ ಕುದುರೆ ಬಾಡಿಗೆಗೂ ಹೋಗುತ್ತದೆ. ಕುದುರೆಗಳಿಗೆ ಪ್ರಿನ್ಸ್, ಡಚೆಸ್ ಅಂತ ಹೆಸರು. ನಮಗೆ ಎಲ್ಲರಿಗೂ ಸೇರಿ ಒಂದೇ ಹೆಸರು, "ಏಯ್".

ಈಗ ನಮ್ಮ ಮುಂದಿರುವ ಪ್ರಶ್ನೆ: ಈ ಕೆಲಸ ಬಿಡಬೇಕೋ ಬೇಡವೋ? ಇದನ್ನು ನಮ್ಮ ಸ್ವಂತ ಗೋಳು ಅಂತ ಬರೆಯುತ್ತಿಲ್ಲ. ಇಟ್ಟಿಗೆ ಗೂಡಿನಲ್ಲಿ, ಕಾಫಿ ತೋಟದಲ್ಲಿ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗೂಡಿನಲ್ಲಿ ನಿಂತಿರುವ ನಮ್ಮ ಅಣ್ಣತಮ್ಮಂದಿರು ದಿನಾ ರಾತ್ರಿ ಇದೇ ಪ್ರಶ್ನೆ ತಲೆದಿಂಬಿಗೆ ಹೇಳಿಕೊಂಡು ಮಲಗುತ್ತಾರೆ. ಸಭೆಯಲ್ಲಿ ಮಾತ್ರ ಅದನ್ನು ಯಾರೂ ಎತ್ತುವುದಿಲ್ಲ. ಸಭೆಯಲ್ಲಿ ನಾವು ವ್ಯವಸ್ಥೆಯನ್ನು ಬದಲಾಯಿಸುವ ಮಾತಾಡುತ್ತೇವೆ, ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕೋ ಬೇಡವೋ ಅನ್ನುವ ಮಾತು ಬಿಟ್ಟು.

ಮೊದಲು ಲೆಕ್ಕ. ಬೆಳಿಗ್ಗೆ ನಾಲ್ಕೂವರೆಯಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಏಳೂವರೆ. ಅಲ್ಲಿಗೆ ಹನ್ನೊಂದು ಗಂಟೆ. ವಾರದ ರಜೆ ಅಂತ ಇಲ್ಲ, ಯಾಕಂದರೆ ಕುದುರೆಗೆ ಭಾನುವಾರ ಗೊತ್ತಿಲ್ಲ ಅಂತಾರೆ. ತಿಂಗಳಿಗೆ 330 ಗಂಟೆ. ಸಂಬಳ 9,000 ರೂಪಾಯಿ. ಗಂಟೆಗೆ 27 ರೂಪಾಯಿ ಚಿಲ್ಲರೆ ಬೀಳುತ್ತದೆ. ಒಂದು ಗಂಟೆ ಸವಾರಿ ಪಾಠದ ಫೀಸು ನಮ್ಮ ಮೂರು ದಿನದ ಕೂಲಿ. ದಿನಕ್ಕೆ 8 ಗಂಟೆ, ವಾರಕ್ಕೆ ಒಂದು ರಜೆ ಅಂತ ಹಿಡಿದರೆ ತಿಂಗಳಿಗೆ 208 ಗಂಟೆ ದುಡಿಮೆ, ಮಿಕ್ಕ 122 ಗಂಟೆ ಹೆಚ್ಚುವರಿ. ಹೆಚ್ಚುವರಿಗೆ ಎರಡು ಪಟ್ಟು ಕೊಡಬೇಕು ಅನ್ನುತ್ತದೆ ಕಾನೂನು. ಹಾಗೆ ಕೊಟ್ಟರೆ ಬರೀ ಹೆಚ್ಚುವರಿ ದುಡಿಮೆಯ ಬಾಕಿಯೇ ತಿಂಗಳಿಗೆ ಸುಮಾರು ಹತ್ತೂವರೆ ಸಾವಿರ ಆಗುತ್ತದೆ. ಸಂಬಳಕ್ಕಿಂತ ಬಾಕಿ ದೊಡ್ಡದು! ಅದೂ ಈ 9,000ವೇ ಸರಿಯಾದ ಸಂಬಳ ಅಂತ ಒಪ್ಪಿಕೊಂಡರೆ. ಅದು ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕೆಳಗಿದೆ ಅನ್ನುವುದು ಬೇರೆ ಮಾತು. ಕಾರ್ಖಾನೆಗಳಲ್ಲಿ ವಾರದ ದುಡಿಮೆ 54ರಿಂದ 48 ಗಂಟೆಗೆ ಇಳಿದದ್ದು 1946ರಲ್ಲಿ, ವೈಸರಾಯ್ ಕೌನ್ಸಿಲಿನಲ್ಲಿ ಬಾಬಾಸಾಹೇಬರು ಕಾರ್ಮಿಕ ಖಾತೆ ನೋಡಿಕೊಂಡು ತಂದ ಮಸೂದೆಯಿಂದ. ನಮ್ಮ ವಾರ ಇವತ್ತಿಗೂ 77 ಗಂಟೆ.

ಇದು ಗಡಿಯಾರದ ಲೆಕ್ಕ. ಗಡಿಯಾರಕ್ಕೆ ಸಿಗದ ಕೆಲಸವೂ ಇದೆ. ಕುದುರೆ ಅಂದರೆ ನಾನೂರೈವತ್ತು ಐನೂರು ಕಿಲೋ ತೂಕದ ಪ್ರಾಣಿ, ಆದರೆ ಅದರ ಜಠರ ಮೈಗೆ ಹೋಲಿಸಿದರೆ ಸಣ್ಣದು. ಒಂದೇ ಸಲ ತುಂಬಿಸಿದರೆ ಆಗದು, ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಹಾಕಬೇಕು. ಮನುಷ್ಯರ ಹಾಗೆ ವಾಂತಿ ಮಾಡಿ ಹಗುರಾಗುವ ಭಾಗ್ಯವೂ ಅದಕ್ಕಿಲ್ಲ. ಹೊಟ್ಟೆಶೂಲೆ ಬಂತು ಅಂದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಡಾಕ್ಟರು ಬರುವ ತನಕ ಹಗ್ಗ ಹಿಡಿದು ನಡೆಸುತ್ತಲೇ ಇರಬೇಕು, ರಾತ್ರಿ ಒಂದಾಗಲಿ ಎರಡಾಗಲಿ. ಗಂಜಲದ ಘಾಟು ಕಣ್ಣು ಮೂಗು ಉರಿಸುತ್ತದೆ. ಗೊರಸು ಕೆರೆಯುವಾಗ ಬಗ್ಗಿದ ಬೆನ್ನು ನೆಟ್ಟಗಾಗುವುದು ಮಧ್ಯಾಹ್ನಕ್ಕೆ. ಕುದುರೆ ಲದ್ದಿ ಬಿದ್ದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಗ್ಲ್ಯಾಂಡರ್ಸ್ ಅನ್ನುವ ಕಾಯಿಲೆ ಕುದುರೆಯಿಂದ ಮನುಷ್ಯನಿಗೂ ಹತ್ತುತ್ತದೆ. ಕುದುರೆಗೆ ಚುಚ್ಚುಮದ್ದಿನ ಪುಸ್ತಕ ಇದೆ, ಯಾವ ತಾರೀಖಿಗೆ ಏನು ಚುಚ್ಚಿದರು ಅಂತ ಬರೆದಿದೆ, ಇನ್ಶೂರೆನ್ಸ್ ಇದೆ. ನಮ್ಮಲ್ಲಿ ಒಬ್ಬನಿಗೆ ಕಳೆದ ವರ್ಷ ಒದೆ ಬಿದ್ದು ಮುಂಗೈ ಮೂಳೆ ಮುರಿಯಿತು. ಪಟ್ಟಿ ಕಟ್ಟಿಸಿದ್ದು ನಾವು ಐದು ಜನ ಸೇರಿಸಿದ ದುಡ್ಡಿನಲ್ಲಿ. ಅವನು ಬಾರದ ದಿನಗಳ ಕೂಲಿಯನ್ನು ಮಾಲೀಕರು ಚೆನ್ನಾಗಿ ನೆನಪಿಟ್ಟುಕೊಂಡು ಮುರಿದುಕೊಂಡರು. ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ ಮಾಲೀಕನೇ ಪರಿಹಾರ ಕೊಡಬೇಕು ಅನ್ನುವುದು 1923ರಿಂದ ಇರುವ ಕಾನೂನು. ನೂರು ವರ್ಷ ಆದರೂ ಅದು ಲಾಯದ ಗೇಟು ದಾಟಿ ಒಳಗೆ ಬಂದಿಲ್ಲ.

ಇನ್ನು ಜಾತಿ. ಪಟ್ಟಣದಲ್ಲಿ ಜಾತಿ ಇಲ್ಲ ಅನ್ನುವ ಮಹಾಶಯರು ಒಂದು ದಿನ ನಮ್ಮ ಲಾಯಕ್ಕೆ ಬರಬೇಕು. ಯಾವ ಜಾತಿ ಅಂತ ಯಾರೂ ಕೇಳಲಿಲ್ಲ, ನಿಜ. "ನಿಮ್ಮ ಮನೆದೇವರು ಯಾವುದಪ್ಪ?" ಅಂತ ಕೇಳಿದರು. "ಊರಲ್ಲಿ ನಿಮ್ಮ ಮನೆ ಯಾವ ಬೀದೀಲಿ?" ಅಂತ ಕೇಳಿದರು. ಆಮೇಲಿಂದ ನಮಗೆ ಕಾಫಿ ಪೇಪರ್ ಲೋಟದಲ್ಲಿ. ಅಡಿಗೆಮನೆ ಬಾಗಿಲ ತನಕ ಕುದುರೆ ಮೂತಿ ಚಾಚಿದರೆ ಕ್ಯಾರೆಟ್ ತಿನ್ನಿಸುತ್ತಾರೆ, ನಾವು ಹೋದರೆ "ಅಲ್ಲೇ ನಿಂತ್ಕೋ, ಕೊಡ್ತೀವಿ" ಅಂತಾರೆ. ಮದುವೆ ಮೆರವಣಿಗೆಯಲ್ಲಿ ಲಗಾಮು ಹಿಡಿದು ಗಂಡನ್ನು ನಡೆಸಿಕೊಂಡು ಹೋಗುವವರು ನಾವೇ, ಅದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಅದೇ ನಾವು ಮೇಲೆ ಕೂತರೆ? 2018ರ ಮಾರ್ಚಿಯಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿ ಗ್ರಾಮದಲ್ಲಿ ಇಪ್ಪತ್ತೊಂದು ವರ್ಷದ ನಮ್ಮ ಹುಡುಗನೊಬ್ಬ ಕೊಲೆಯಾದ. ಅವನು ಕುದುರೆ ಸಾಕಿ ಸವಾರಿ ಮಾಡಿದ್ದೇ ಮೇಲ್ಜಾತಿಯವರ ಕಣ್ಣಿಗೆ ಚುಚ್ಚಿತು ಅಂತ ಅವನ ತಂದೆ ಹೇಳಿದರು. ಉತ್ತರದ ರಾಜ್ಯಗಳಲ್ಲಿ ದಲಿತ ಮದುವೆ ಗಂಡು ಕುದುರೆ ಏರಬೇಕಾದರೆ ಪೊಲೀಸ್ ಕಾವಲು ಬೇಕಾದ ಸುದ್ದಿ ವರ್ಷವರ್ಷವೂ ಬರುತ್ತದೆ. ಕುದುರೆಯ ಕಾಲಬುಡ ನಮ್ಮದು, ಬೆನ್ನು ಅವರದು.

ಹಾಗಿದ್ದರೆ ಬಿಟ್ಟು ಎದ್ದು ಬರಬಾರದೇಕೆ? ಇಲ್ಲೇ ಇರುವುದು ಕಷ್ಟ.

ನಮ್ಮ ಅವ್ವಂದಿರು ಹೇಳುವುದು ಒಂದೇ ಮಾತು: "ಇರೋ ಕೆಲ್ಸ ಬಿಟ್ಟು ಬಂದು ಏನ್ ತಿಂತೀಯ ಮಗಾ?" ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಕ್ರಾಂತಿಕಾರಿಗಳ ಮೇಲೆ ನಮಗೆ ಗೌರವ ಇಲ್ಲ. ಅವರ ಮನೆಯಲ್ಲಿ ಪಿಂಚಣಿ ಬರುತ್ತಿರುತ್ತದೆ. ನಮಗೆ ಲಾಯದ ಪಕ್ಕದ ತಗಡಿನ ಕೋಣೆಯೇ ಮನೆ. ಕೆಲಸ ಬಿಟ್ಟ ದಿನ ಹಾಸಿಗೆಯೂ ಹೋಗುತ್ತದೆ. ಕೆಲಸದ ಜೊತೆ ಸೂರು ಕೊಡುವುದು ಔದಾರ್ಯ ಅಂತ ಬಹಳ ಜನ ತಿಳಿದಿದ್ದಾರೆ. ಅದೂ ಒಂದು ಲಗಾಮು.

ಇನ್ನೊಂದು ಲಗಾಮು, ಸವಾರಿ ಕಲಿಸುತ್ತೇವೆ ಅನ್ನುವ ಮಾತು. "ಈಗ ಸಂಬಳ ನೋಡ್ಬೇಡ್ರೋ, ವಿದ್ಯೆ ನೋಡಿ. ಎರಡು ವರ್ಷ ಕಲೀರಿ, ನೀವೇ ಕೋಚ್ ಆಗ್ತೀರ." ನಮ್ಮಲ್ಲಿ ಹಳಬನಿಗೆ ನಾಲ್ಕು ವರ್ಷ ಆಯಿತು. ಅವನು ಕುದುರೆ ಮೇಲೆ ಕೂತದ್ದು ಬೆಳಿಗ್ಗೆ ಮೈ ಬಿಸಿ ಮಾಡಿಸಲು ಮಾತ್ರ, ಗಿರಾಕಿ ಬರುವ ಮೊದಲು. ಅವನ ಕೈಗೆ ಒಂದು ತುಂಡು ಸರ್ಟಿಫಿಕೇಟು ಇಲ್ಲ. ವಿದ್ಯೆ ಆಸೆ ತೋರಿಸಿ ಬಿಟ್ಟಿ ದುಡಿಸುವುದು ಈ ದೇಶದಲ್ಲಿ ಹಳೇ ಕಸುಬು. ಹೆಬ್ಬೆರಳು ಕೇಳಿದ ಗುರುವಿನ ಕಾಲದ್ದು.

ಆದರೆ ಎಲ್ಲಕ್ಕಿಂತ ಗಟ್ಟಿ ಲಗಾಮು ಕುದುರೆಯೇ. ಇದನ್ನು ಹೇಳಲು ನಮಗೆ ಸಂಕೋಚ ಇಲ್ಲ. ನಾವು ಆ ಪ್ರಾಣಿಗಳನ್ನು ಪ್ರೀತಿಸುತ್ತೇವೆ. ರೇಸಿನಲ್ಲಿ ಹೊಡೆಸಿಕೊಂಡು ಬಂದದ್ದು, ಮೊದಮೊದಲು ಕೈ ಎತ್ತಿದರೇ ಬೆಚ್ಚುತ್ತಿದ್ದದ್ದು, ಈಗ ನಮ್ಮ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರಿಸುತ್ತದೆ. ಕುದುರೆಮಸಾಲೆ ಸೊಪ್ಪಿನ ಕಂತೆ ಹಿಡಿದು ಹೋದರೆ ಗಂಟಲಲ್ಲೇ ಸಣ್ಣಗೆ ಕೆನೆಯುತ್ತದೆ. ಮಾಲೀಕರಿಗೆ ಈ ಪ್ರೀತಿ ಎಷ್ಟು ಗೊತ್ತು ಅಂದರೆ ಅದನ್ನೂ ಸಂಬಳದಲ್ಲಿ ಸೇರಿಸಿಬಿಟ್ಟಿದ್ದಾರೆ. ಕೂಲಿ ಕೇಳಿದರೆ "ಕುದುರೆ ಮೇಲೆ ಪ್ರೀತಿ ಇದ್ದವನು ದುಡ್ಡಿನ ಮಾತಾಡಲ್ಲ" ಅಂತಾರೆ. ಬಿಡುತ್ತೇವೆ ಅಂದರೆ "ನೀವು ಹೋದ್ರೆ ಅವು ಸಾಯ್ತವೆ" ಅಂತಾರೆ. ಪ್ರೀತಿಯನ್ನೇ ಜೀತಕ್ಕೆ ಕಟ್ಟುವ ಈ ಜಾಣತನ ಹೊಸದಲ್ಲ. ದಾದಿಯರಿಗೆ ರೋಗಿ, ಮನೆಗೆಲಸದ ಹೆಣ್ಣುಮಕ್ಕಳಿಗೆ ಧಣಿಯ ಮಗು, ನಮಗೆ ಕುದುರೆ. ನಮ್ಮ ನಿಲುವು ಇದು: ಕುದುರೆಗೆ ಮೇವು ನೀರು ನೆರಳು ಕೊಡುವ ಹೊಣೆ ಅದರ ಒಡೆಯನದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಅದನ್ನೇ ಹೇಳುತ್ತದೆ, ಕೊಡದಿದ್ದರೆ ಅಪರಾಧಿ ಒಡೆಯ. ನಾವು ಕುದುರೆಗೆ ಸಾಲಗಾರರಾಗಿರಬಹುದು, ಕುದುರೆಯ ಒಡೆಯನಿಗಲ್ಲ. ಆ ಸಾಲವನ್ನು ಬೇರೆಯವರು ಬಂದು ಕೆಲಸ ಹಿಡಿಯುವಷ್ಟು ದಿನದ ಮುನ್ಸೂಚನೆ ಕೊಟ್ಟು ತೀರಿಸುತ್ತೇವೆ, ಜನ್ಮಪೂರ್ತಿ ದುಡಿದಲ್ಲ.

ಬಿಡುವುದರಲ್ಲೂ ಬಗೆ ಇದೆ. ಬಾಬಾಸಾಹೇಬರ ಬದುಕಿನಲ್ಲೇ ನೋಡಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿ ಬಂದ ಅವರು ಹತ್ತು ವರ್ಷ ಆ ಸಂಸ್ಥಾನದಲ್ಲಿ ಸೇವೆ ಮಾಡುತ್ತೇನೆ ಅಂತ ಕರಾರು ಬರೆದುಕೊಟ್ಟಿದ್ದರು. 1917ರಲ್ಲಿ ಬರೋಡಾಕ್ಕೆ ಹೋದರೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟು ಉಳಿದರು, ಗೊತ್ತಾದ ದಿನ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ಸಾರ್ವಜನಿಕ ತೋಟದಲ್ಲಿ ಕೂತು ರೈಲಿನ ಹೊತ್ತಾಗುವ ತನಕ ಕಾದು ಮುಂಬಯಿಗೆ ಹಿಂತಿರುಗಿದರು. 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಕರಾರು ಇದೆ, ಸಾಲ ಇದೆ, ಮನೆಯಲ್ಲಿ ಸಂಸಾರ ಇದೆ, ಆದರೂ ಬಿಟ್ಟರು. ಅದು ಒಬ್ಬಂಟಿಯಾಗಿ ಹೊರದಬ್ಬಿಸಿಕೊಂಡ ಬಿಡುಗಡೆ. 1951ರಲ್ಲಿ ಕೇಂದ್ರದ ಕಾನೂನು ಮಂತ್ರಿ ಪದವಿ ಬಿಟ್ಟಾಗ ಬೇರೆ ಥರ. ಯಾಕೆ ಬಿಡುತ್ತಿದ್ದೇನೆ ಅಂತ ಹೇಳಿಕೆ ಬರೆದರು, ಸಂಸತ್ತಿನಲ್ಲಿ ಮೊದಲೇ ಪ್ರತಿ ಕೊಡದೆ ಓದಗೊಡುವುದಿಲ್ಲ ಅಂದಾಗ ಹೊರಗೆ ನಡೆದು ಪತ್ರಿಕೆಗಳಿಗೆ ಕೊಟ್ಟರು. ನಾವು 1951ರ ದಾರಿ ಹಿಡಿಯಬೇಕು ಅಂತೀವಿ. ನಮ್ಮ ಜನ ಸಾಮಾನ್ಯವಾಗಿ ಬಿಡುವುದು ಹೇಗೆ? ಒಂದು ರಾತ್ರಿ ಟವೆಲ್ಲು, ಬಟ್ಟೆ ಗಂಟು ಕಟ್ಟಿಕೊಂಡು ಹೇಳದೆ ಕೇಳದೆ ಬಸ್ಸು ಹತ್ತುವುದು. ಮಾಲೀಕ ಬೆಳಿಗ್ಗೆ ನಕ್ಕು, ಬಾಕಿ ಸಂಬಳ ಉಳಿಯಿತು ಅಂದುಕೊಂಡು, ಬಿಹಾರದ ಹುಡುಗನನ್ನು ಎಂಟು ಸಾವಿರಕ್ಕೆ ಕರೆತರುತ್ತಾನೆ. ಬಿಹಾರದ ಹುಡುಗ ನಮ್ಮ ಶತ್ರು ಅಲ್ಲ ಕಣ್ರೀ. ಅವನೂ ಹೆಚ್ಚುಕಮ್ಮಿ ನಮ್ಮವನೇ, ಭಾಷೆ ಬೇರೆ ಅಷ್ಟೆ.

ಕೊಳಕು ಕೆಲಸ ಬಿಡುವುದು ನಮ್ಮ ಚಳವಳಿಗೆ ಹೊಸದೂ ಅಲ್ಲ. ಸತ್ತ ದನ ಹೊರುವುದನ್ನು ಬಿಡಿ ಅಂತ 1927ರ ಮಹಾಡ್ ಸಮಾವೇಶದಲ್ಲೇ ಬಾಬಾಸಾಹೇಬರು ಹೇಳಿದರು. ತಲೆಯ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಈ ರಾಜ್ಯದಲ್ಲಿ ನಿಷೇಧಿಸಿದರು. (ಅದೇ ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಕಳೆದುಕೊಂಡರು. ನಾವು ದಿನಾ ಬಕೆಟ್‌ಗಟ್ಟಲೆ ಬೂಸಾ ಕಲಸುವವರು, ಬೂಸಾಕ್ಕೆ ಕನಿಷ್ಠ ಹೊಟ್ಟೆ ತುಂಬಿಸುವ ಗುಣ ಇದೆ ಅಂತ ಸಾಕ್ಷಿ ಹೇಳಬಲ್ಲೆವು.) 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದ ಮೇಲೆ ಅಲ್ಲಿನ ದಲಿತರು ಏನು ಮಾಡಿದರು? ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಸತ್ತ ದನಗಳನ್ನು ತಂದು ಸುರಿದರು. ಇನ್ನು ನಾವು ಎತ್ತುವುದಿಲ್ಲ ಅಂದರು. ಜೊತೆಗೇ ಕುಟುಂಬಕ್ಕೆ ಐದು ಎಕರೆ ಭೂಮಿ ಕೇಳಿದರು. ನಮಗೆ ಮುಖ್ಯವಾಗಿ ಕಾಣುವುದು ಆ "ಜೊತೆಗೇ" ಅನ್ನುವ ಪದ. ಬಿಡುತ್ತೇವೆ ಅನ್ನುವ ಮಾತಿನ ಬೆನ್ನಿಗೆ ಬೇಕು ಅನ್ನುವ ಮಾತು ಇತ್ತು, ಮತ್ತು ಅದನ್ನು ಒಬ್ಬ ಹೇಳಲಿಲ್ಲ, ಊರಿಗೆ ಊರೇ ಹೇಳಿತು.

ಒಳಗೇ ಇದ್ದು ಸಂಘ ಕಟ್ಟಿ ಅನ್ನುವ ಅಣ್ಣಂದಿರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ, ಸಾವಿರ ಜನ ದುಡಿಯುವ ಕಾರ್ಖಾನೆಗೆ. ಆರು ಜನರ ಲಾಯದಲ್ಲಿ ಸಂಘ ಕಟ್ಟಿದರೆ ಮಾಲೀಕನಿಗೆ ಆರು ಫೋನ್ ಸಾಕು. ನಮ್ಮ ಸಂಘ ಲಾಯದ ಒಳಗಲ್ಲ, ಈ ಸಭೆಯಲ್ಲಿ ಇರಬೇಕು. ಬೇರೆ ಬೇರೆ ಲಾಯಗಳ ಹುಡುಗರು ಮುಖಾಮುಖಿ ಆಗುವುದು ಮೇವಿನ ಅಂಗಡಿಯಲ್ಲಿ, ಲಾಳ ಹೊಡೆಯುವವನ ಹತ್ತಿರ. ಅಲ್ಲಿಂದ ಶುರುವಾಗಲಿ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು, ನಮ್ಮ ಹುಡುಗರಿಗೆ ಇದು ಗೊತ್ತಿಲ್ಲದ್ದರಿಂದಲೇ ಮಾಲೀಕರಿಗೆ ಇಷ್ಟು ಧೈರ್ಯ. 1948ರ ಕನಿಷ್ಠ ವೇತನ ಕಾಯ್ದೆ ಈಗ ಇಲ್ಲ. ಅದರ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆ ನಾಲ್ಕು ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಬೇಕಾದಷ್ಟು ತಕರಾರಿದೆ, ನಮಗೂ ಇದೆ. ಆದರೆ ಕೈಗೆ ಸಿಕ್ಕ ಕೋಲನ್ನು ಬಿಡಬಾರದು. ಅದರ ಪ್ರಕಾರ ಕೆಲಸಗಾರ ರಾಜೀನಾಮೆ ಕೊಟ್ಟರೂ, ಮಾಲೀಕ ತೆಗೆದುಹಾಕಿದರೂ, ಬರಬೇಕಾದ ಕೂಲಿಯನ್ನೆಲ್ಲ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬಾಕಿಗೆ ಮೂರು ವರ್ಷದ ತನಕ ಹಿಂದಕ್ಕೆ ಅರ್ಜಿ ಹಾಕಬಹುದು. ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಭಾರ ಮಾಲೀಕನ ಮೇಲೆ, ಕೊಟ್ಟಿಲ್ಲ ಅಂತ ನಾವು ರುಜುವಾತು ಮಾಡಬೇಕಾಗಿಲ್ಲ. ಹಾಗಂತ ಕೈ ಕಟ್ಟಿ ಕೂರುವುದಲ್ಲ. ಎರಡು ತಿಂಗಳಿಂದ ನಾವು ಬಂದ ಹೊತ್ತು, ಹೋದ ಹೊತ್ತು, ರಾತ್ರಿ ಎದ್ದ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇವೆ. ಮೇವಿನ ಬೋರ್ಡಿನ ಮೇಲೆ ಯಾರ ಸರದಿ ಅಂತ ಬರೆದಿರುವುದನ್ನು ದಿನಾ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೇವೆ. ಬಿ.ಎ. ಓದಿದ್ದಕ್ಕೆ ಒಂದು ಉಪಯೋಗ ಆಯಿತು.

ಉಳಿದದ್ದು ನಮ್ಮ ಆರನೆಯವನ ವಿಷಯ. ಅವನು ತಂಗಿಯ ಮದುವೆಗೆ ಮೂವತ್ತು ಸಾವಿರ ಮುಂಗಡ ತೆಗೆದುಕೊಂಡಿದ್ದಾನೆ. ಸಂಬಳದಲ್ಲಿ ಮುರಿಯುತ್ತಲೇ ಇದ್ದಾರೆ, ಸಾಲ ಮಾತ್ರ ಇಳಿದಿಲ್ಲ, ಚೀಟಿ ಅವರ ಹತ್ತಿರ. "ತೀರಿಸಿ ಹೋಗು, ಇಲ್ಲಾಂದ್ರೆ ಇಲ್ಲೇ ಇರು" ಅಂತಾರೆ. ಇದಕ್ಕೆ ಲಾಯದಲ್ಲಿ ಅಡ್ವಾನ್ಸ್ ಅಂತ ಹೆಸರು. ನಮ್ಮ ತಾತಂದಿರ ಕಾಲದಲ್ಲಿ ಜೀತ ಅಂತಿದ್ದರು. 1976ರ ಜೀತ ಪದ್ಧತಿ ರದ್ದು ಕಾಯ್ದೆಯ ಪ್ರಕಾರ ದುಡಿಮೆಯನ್ನು ಕಟ್ಟಿಹಾಕುವ ಇಂಥ ಸಾಲ ತೀರಿಸಬೇಕಾದ ಹೊಣೆಯೇ ಇಲ್ಲ, ಅದು ಸತ್ತ ಸಾಲ. ಕಟ್ಟಿಹಾಕಿದವನಿಗೆ ಮೂರು ವರ್ಷದ ತನಕ ಜೈಲು ಇದೆ. 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ ಹೇಳಿದೆ. ಹೊಟ್ಟೆಯ ಬಲವಂತವೂ ಬಲವಂತವೇ. ಹಾಗಾಗಿ ಅವನೊಬ್ಬನನ್ನು ಬಿಟ್ಟು ನಾವು ಐದು ಜನ ಹೊರಡುವ ಪ್ರಶ್ನೆಯೇ ಇಲ್ಲ. ಮೊದಲ ಅರ್ಜಿ ಅವನದು, ಜಿಲ್ಲಾಧಿಕಾರಿಗಳಿಗೆ.

ಆದ್ದರಿಂದ ನಮ್ಮ ತೀರ್ಮಾನ: ಬಿಡುತ್ತೇವೆ. ಆರೂ ಜನ ಒಂದೇ ದಿನ, ಒಂದೇ ಕಾಗದಕ್ಕೆ ಸಹಿ ಹಾಕಿ. ಅವನ ಅರ್ಜಿಗೆ ಜಿಲ್ಲಾಧಿಕಾರಿ ಕಚೇರಿಯ ಮುದ್ರೆ ಬಿದ್ದ ಮಾರನೆ ದಿನ ಮಾಲೀಕರಿಗೆ ಹದಿನೈದು ದಿನದ ನೋಟಿಸು. ಆ ಹದಿನೈದು ದಿನ ಕುದುರೆಗಳಿಗೆ ಒಂದು ಹೊತ್ತೂ ಮೇವು ತಪ್ಪಿಸುವುದಿಲ್ಲ, ದಿನಕ್ಕೆ 8 ಗಂಟೆ ದುಡಿಯುತ್ತೇವೆ, ಆಮೇಲೆ ಶೂಲೆ ಬಂದರೆ ಮಾತ್ರ ಏಳುತ್ತೇವೆ. ಕೊನೆ ದಿನದ ಮೇಲೆ ಎರಡು ದಿನ ಕಾದು, ಬಾಕಿ ಬಾರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುತ್ತೇವೆ. ಮುಂದಿನ ಅನ್ನಕ್ಕೆ ಇಬ್ಬರು ಡೆಲಿವರಿ ಕೆಲಸ ನೋಡಿದ್ದಾರೆ, ಒಬ್ಬ ಊರಿಗೆ ಹೋಗುತ್ತಾನೆ, ಮೂವರಿಗೆ ಇನ್ನೂ ಏನೂ ಗೊತ್ತಾಗಿಲ್ಲ. ಸದ್ಯಕ್ಕೆ ನಮಗೆ ಬೇಕಾದದ್ದು ಆರು ಜನ ಒಂದು ತಿಂಗಳು ಮಲಗಲು ಒಂದು ಕೋಣೆ, ಮತ್ತು ಅರ್ಜಿಯನ್ನು ಒಮ್ಮೆ ಓದಿ ತಿದ್ದಿಕೊಡುವ ಒಬ್ಬ ವಕೀಲರು. ಗೊತ್ತಿರುವವರು ಸಭೆ ಮುಗಿದ ಮೇಲೆ ಪುಸ್ತಕ ಮಾರುವ ಮೇಜಿನ ಹತ್ತಿರ ನಮ್ಮನ್ನು ಕಾಣಿ. ಸಂಜೆ ಏಳೂವರೆ ಆದ ಮೇಲೆ ಬರುತ್ತೇವೆ, ಅದಕ್ಕೆ ಮೊದಲು ಬಿಡುವುದಿಲ್ಲ.